ಏರಿಗೂ ಸೈ, ನೀರಿಗೂ ಸೈ

ಗಂಡ ಹೆಂಡತಿ ಇಬ್ಬರೇ ನಾಲ್ಕು ದಿನ ಹಾಯಾಗಿ ಇದ್ದು ಬರೋಣ ಎಂದು ಹೊರಟಾಗ ಟ್ರಾವೆಲ್ಸ್‌ನವನ ಮುಂದೆ ಇಡುವ ಮೊದಲ ಪ್ರಶ್ನೆ, ‘ಅಲ್ಲಿ ತುಂಬಾ ಹತ್ತೋದಿದೆಯಾ?’ ಹೌದೆಂದರೆ ಆ ಊರು ಅಲ್ಲಿಗೇ ಪಟ್ಟಿಯಿಂದ ಬಿತ್ತು. ವಿರಾಮ ಎಂದರೆ ಸಮತಟ್ಟು, ಆಯಾಸ ಎಂದರೆ ಏರು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಅದನ್ನು ಎಬ್ಬಿಸಿ ವಿಚಾರಿಸುವ ಗೋಜಿಗೆ ಯಾರೂ ಹೋಗಿಲ್ಲ. ನನ್ನ ವಾದ ಇದಕ್ಕೆ ತೀರಾ ಉಲ್ಟಾ. ಮನುಷ್ಯನನ್ನು ಕೂರಗೊಡದಿರುವುದು ಸಮತಟ್ಟಾದ ಊರು. ರಸ್ತೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಕಾಲು ತಕರಾರು ತೆಗೆಯುವುದಿಲ್ಲ, ನಿಲ್ಲುವುದಕ್ಕೊಂದು ನೆಪ ಸಿಗುವುದಿಲ್ಲ. ‘ಇಷ್ಟು ದೂರ ಬಂದಿದ್ದೀವಿ, ಅದನ್ನೂ ನೋಡಿಬಿಡೋಣ’ ಎಂಬ ಮಾತು ಹುಟ್ಟಿದ್ದೇ ಸಮತಟ್ಟು ನೆಲದ ಮೇಲೆ ಇರಬೇಕು. ಸಂಜೆ ಹೋಟೆಲಿಗೆ ಮರಳುವ ಹೊತ್ತಿಗೆ ಪಟ್ಟಿಯಲ್ಲಿದ್ದ ಜಾಗಗಳೆಲ್ಲ ಮುಗಿದಿರುತ್ತವೆ, ಇಬ್ಬರ ನಡುವಿನ ಮಾತೂ ಮುಗಿದಿರುತ್ತದೆ. ಏರಿನ ಊರು ಹಾಗಲ್ಲ. ಅಲ್ಲಿ ವಿರಾಮವನ್ನು ನಾವು ತೆಗೆದುಕೊಳ್ಳಬೇಕಾಗಿಲ್ಲ, ಊರೇ ಹಿಡಿದು ಕೊಡುತ್ತದೆ. ಸಾಕ್ಷಿಗೆ ಚಿಲಿ ದೇಶದ ವಾಲ್ಪರೈಸೊ ಎಂಬ ಬಂದರನ್ನು ಕರೆಯುತ್ತೇನೆ.

ಪೆಸಿಫಿಕ್ ಸಾಗರದ ದಂಡೆಯಲ್ಲಿ, ರಾಜಧಾನಿ ಸ್ಯಾಂಟಿಯಾಗೊದಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿರುವ ಊರು ಇದು. ನೀರಿನ ಬದಿಯಲ್ಲಿ ರಿಬ್ಬನ್ನಿನಷ್ಟು ಅಗಲದ ಸಮತಟ್ಟು ನೆಲವಿದೆ. ಊರಿನವರು ಅದನ್ನು ‘ಎಲ್ ಪ್ಲಾನ್’ ಎನ್ನುತ್ತಾರೆ. ಅದರಲ್ಲೂ ಬಹಳಷ್ಟು ಸಮುದ್ರಕ್ಕೆ ಮಣ್ಣು ತುಂಬಿ ಗಳಿಸಿದ್ದು. ಅವಸರದ ಕೆಲಸಗಳೆಲ್ಲ, ಅಂದರೆ ಬ್ಯಾಂಕು, ಕಂಟೇನರು, ನೌಕಾಪಡೆಯ ಕಚೇರಿ, 1990ರಿಂದ ಇಲ್ಲೇ ಕೂಡುತ್ತಿರುವ ಚಿಲಿಯ ಸಂಸತ್ತು, ಆ ಪಟ್ಟಿಯ ಮೇಲಿವೆ. ಸಂಸತ್ತು ಅವಸರದ ಕೆಲಸವೇ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಜನ ಬದುಕುವುದು ಮಾತ್ರ ಗುಡ್ಡಗಳ ಮೇಲೆ. ಗುಡ್ಡಗಳು ಎಷ್ಟು ಎಂದರೆ ಸಾಮಾನ್ಯವಾಗಿ ಬರುವ ಉತ್ತರ 42; ಒಂದೆರಡು ಹೆಚ್ಚು ಹೇಳುವವರೂ ಇದ್ದಾರೆ. ಸುಮಾರು 3 ಲಕ್ಷ ಜನರ ಊರಿಗೆ ತನ್ನ ಗುಡ್ಡಗಳ ಲೆಕ್ಕ ಪಕ್ಕಾ ಇಲ್ಲ, ಅದಕ್ಕಾಗಿ ಯಾರ ನಿದ್ದೆಯೂ ಕೆಟ್ಟಿಲ್ಲ. 1536ರಲ್ಲಿ ಸ್ಪೇನಿನವರು ಹಡಗು ನಿಲ್ಲಿಸಿದರು. ಆದರೆ ಆ ಕಾಲದ ಸ್ಪೇನಿನ ಊರುಗಳಿಗೆಲ್ಲ ಆಗುತ್ತಿದ್ದ ವಿಧಿವತ್ತಾದ ಸ್ಥಾಪನೆ ಇದಕ್ಕೆ ಆಗಲೇ ಇಲ್ಲ. ಚೌಕದ ಸುತ್ತ ನೇರ ಬೀದಿ ಎಳೆಯುವ ಆ ಸಾಮ್ರಾಜ್ಯದ ಗೀಳು ಇಲ್ಲಿನ ಕಮರಿಗಳ ಮುಂದೆ ಕೈಚೆಲ್ಲಿತು. ಜನ ಸಿಕ್ಕ ಇಳಿಜಾರಿನಲ್ಲಿ ಮನೆ ಕಟ್ಟಿದರು, ಗೋಡೆಗೆ ಸುಕ್ಕುಸುಕ್ಕಾದ ತಗಡು ಹೊಡೆದರು, ತಗಡಿಗೆ ಹಳದಿ, ನೀಲಿ, ಕೆಂಪು ಬಣ್ಣ ಬಳಿದರು. ನಕ್ಷೆಯಿಲ್ಲದೆ ಕಟ್ಟಿದರೆ ನಮ್ಮಲ್ಲಿ ಪಾಲಿಕೆಯ ನೋಟಿಸು ಬರುತ್ತದೆ. ವಾಲ್ಪರೈಸೊದ ಹಳೆಯ ಬಡಾವಣೆಗೆ 2003ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟ ಬಂತು.

ಮೊದಲ ಪುರಾವೆ ಉಸಿರಿನದು. ಮದುವೆಯಾಗಿ ಇಪ್ಪತ್ತು ಮೂವತ್ತು ವರ್ಷ ಕಂಡ ಯಾವುದೇ ಜೋಡಿಯನ್ನು ಸಮತಟ್ಟು ರಸ್ತೆಯಲ್ಲಿ ಗಮನಿಸಿ. ಒಬ್ಬರು ಹತ್ತು ಹೆಜ್ಜೆ ಮುಂದಿರುತ್ತಾರೆ. ಆಗಾಗ ನಿಂತು ಹಿಂದಿರುಗಿ ನೋಡುತ್ತಾರೆ. ಹಿಂದಿನವರು ಇನ್ನೇನು ಬಂದು ಸೇರಿದರು ಎನ್ನುವಾಗ ಮತ್ತೆ ಹೊರಡುತ್ತಾರೆ. ಇದರಲ್ಲಿ ಅಡಗಿರುವ ಅನ್ಯಾಯವನ್ನು ನೋಡಿ: ದಣಿಯದವರಿಗೆ ಗಳಿಗೆಗೊಮ್ಮೆ ವಿಶ್ರಾಂತಿ, ದಣಿದವರಿಗೆ ಒಂದು ಸಲವೂ ಇಲ್ಲ. ವಾಲ್ಪರೈಸೊದ ಮೆಟ್ಟಿಲುಗಳು ಈ ಅನ್ಯಾಯವನ್ನು ಮೂವತ್ತೇ ಹೆಜ್ಜೆಯಲ್ಲಿ ಸರಿಪಡಿಸುತ್ತವೆ. ಬೆಳಗ್ಗೆ ಪಾರ್ಕಿನಲ್ಲಿ ಆರು ಸುತ್ತು ಹಾಕುವವರೂ ಹಾಕದವರೂ ಒಂದೇ ಕಟಕಟೆ ಹಿಡಿದು ಏದುಸಿರು ಬಿಡುತ್ತಾರೆ. ಇನ್ನು ಜಗಳದ ವಿಚಾರ. ಒಳ್ಳೆಯ ಜಗಳಕ್ಕೆ ದೀರ್ಘವಾಕ್ಯ ಬೇಕು. 1998ರಲ್ಲಿ ನಾದಿನಿಯ ಮದುವೆಯಲ್ಲಿ ಆದದ್ದನ್ನು ಈಗಿನ ವಿಷಯಕ್ಕೆ ಜೋಡಿಸುವಷ್ಟು ಉಸಿರು ಬೇಕು. ಏರಿನ ಮೇಲೆ ಸಿಗುವುದು ಎರಡು ಮೂರು ಪದದ ಉಸಿರು. ‘ಸ್ವಲ್ಪ ನಿಲ್ಲೋಣ.’ ‘ನೀರು ಕೊಡ್ರೀ.’ ‘ನಿಧಾನ, ನಿಧಾನ.’ ಇಷ್ಟರಲ್ಲಿ ಯಾವ ಹಳೆಯ ಕಡತವನ್ನೂ ತೆರೆಯಲಾಗದು. ಜಗಳ ತಪ್ಪಿಲ್ಲ, ರಾತ್ರಿಗೆ ಮುಂದೂಡಿದೆ ಅಷ್ಟೆ ಎಂದು ಯಾರಾದರೂ ಆಕ್ಷೇಪಿಸಬಹುದು. ಮುಂದೂಡಿದೆ, ನಿಜ. ಆದರೆ ಇಡೀ ದಿನ ಗುಡ್ಡ ಹತ್ತಿಳಿದವರು ಒಂಬತ್ತು ಗಂಟೆಗೆ ಗೊರಕೆ ಹೊಡೆಯುತ್ತಿರುತ್ತಾರೆ, ವಾಯಿದೆ ತಾನಾಗಿ ತೀರಿಹೋಗುತ್ತದೆ.

ಎರಡನೆಯದು ದಾರಿ. ಪ್ರವಾಸದ ಜಗಳಗಳಲ್ಲಿ ದೊಡ್ಡ ಪಾಲು ದಾರಿಯದೇ. ಗಂಡಸು ಮೂವರನ್ನು ಕೇಳಿ ಮೂವರನ್ನೂ ನಂಬದೆ ನಾಲ್ಕನೆಯ ದಿಕ್ಕಿಗೆ ಹೊರಡುತ್ತಾನೆ. ಹೆಂಗಸು ‘ನಾನು ಆಗಲೇ ಹೇಳಿದೆ’ ಎಂಬ ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ನಡೆಯುತ್ತಾಳೆ. ವಾಲ್ಪರೈಸೊದಲ್ಲಿ ಫೋನಿನ ನಕ್ಷೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ನೀಲಿ ಚುಕ್ಕೆ ನೀವು ಸರಿಯಾದ ಬೀದಿಯಲ್ಲೇ ಇದ್ದೀರಿ ಎನ್ನುತ್ತದೆ. ಆದರೆ ಆ ಬೀದಿ ನಿಮ್ಮ ತಲೆಯ ಮೇಲೆ ನಲವತ್ತು ಅಡಿ ಎತ್ತರದಲ್ಲಿರುತ್ತದೆ. ಇನ್ನೂರು ಮೀಟರ್ ಎಂದು ನಕ್ಷೆ ಹೇಳಿದ್ದು ಮೆಟ್ಟಿಲುಗಳ ಸಾಲಾಗಿ ಎದುರು ನಿಲ್ಲುತ್ತದೆ. ಚಿಲಿಯವರ ಸ್ಪ್ಯಾನಿಷ್, ಸ್ಪೇನಿನವರಿಗೇ ಹಿಡಿಯಲು ಕಷ್ಟವಾಗುವಷ್ಟು ಜೋರಾಗಿ ಓಡುವ ಭಾಷೆ. ದಾರಿ ಕೇಳಿ ಪ್ರಯೋಜನ ಕಡಿಮೆ. ಆದರೂ ಇಲ್ಲಿ ಯಾರೂ ಕಳೆದುಹೋಗಲಾರರು. ಇಳಿದರೆ ಸಮುದ್ರ. ಹತ್ತಿದರೆ, ಸುಮಾರು ನೂರು ಮೀಟರ್ ಎತ್ತರದಲ್ಲಿ ಹಲವು ಗುಡ್ಡಗಳನ್ನು ಹೆಣೆದುಕೊಂಡು ಸಾಗುವ ಅವೆನಿಡಾ ಅಲೆಮಾನಿಯಾ ಎಂಬ ರಸ್ತೆ, ಅದರ ಮೇಲೆ ಸಿಟಿ ಬಸ್ಸು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ನಮ್ಮವರು ಹೊಂದಾಣಿಕೆಯಿಲ್ಲದ ಜೋಡಿಯ ಬಗ್ಗೆ ಹೇಳಿದ್ದುಂಟು. ಆ ಗಾದೆ ಕಟ್ಟಿದವರು ಈ ಊರನ್ನು ನೋಡಿರಲಿಲ್ಲ. ಇಲ್ಲಿ ಏರಿಗೆಳೆದರೂ ನೀರು ಕಾಣುತ್ತದೆ, ನೀರಿಗೆಳೆದರೂ ಏರು ಬೆನ್ನಿಗಿರುತ್ತದೆ; ಎತ್ತೂ ಗೆದ್ದಿತು, ಕೋಣವೂ ಗೆದ್ದಿತು.

ಇಲ್ಲಿಗೆ ಮಂಡಿನೋವಿನವರು ಎದ್ದು ನಿಲ್ಲುತ್ತಾರೆ. ನಿಲ್ಲಲಾಗದಿದ್ದರೆ ಕೂತೇ ಕೇಳುತ್ತಾರೆ. ನಮ್ಮಲ್ಲಿ ಗಂಡ ಹೆಂಡತಿಗೆ ಪುರುಸೊತ್ತು ಸಿಗುವುದು ಮಕ್ಕಳು ದಡ ಸೇರಿ, ನಿವೃತ್ತಿಯ ಹಣ ಕೈಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಮಂಡಿಯೂ ನಿವೃತ್ತಿ ಕೇಳುತ್ತಿರುತ್ತದೆ. ನ್ಯಾಯವಾದ ಆಕ್ಷೇಪ; ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ ಎಂದು ವೈದ್ಯರೇ ಹೇಳುವುದರಿಂದ ಇನ್ನಷ್ಟು ನ್ಯಾಯ. ಇದಕ್ಕೆ ಊರು 1883ರಲ್ಲೇ ಉತ್ತರ ಕೊಟ್ಟಿದೆ. ಆ ವರ್ಷ ಕಾನ್ಸೆಪ್ಸಿಯೊನ್ ಗುಡ್ಡಕ್ಕೆ ಮೊದಲ ‘ಅಸೆನ್ಸೋರ್’ ಹಾಕಿದರು. ಕಡಿದಾದ ಹಳಿಯ ಮೇಲೆ ಹಗ್ಗಕ್ಕೆ ಕಟ್ಟಿದ ಎರಡು ಮರದ ಡಬ್ಬಿಗಳು. ಒಂದರ ಭಾರ ಇನ್ನೊಂದನ್ನು ಎತ್ತುತ್ತದೆ, ಒಂದು ಇಳಿದರೆ ಇನ್ನೊಂದು ಏರುತ್ತದೆ. (ದಾಂಪತ್ಯಕ್ಕೆ ಹೋಲಿಸುವ ಆಸೆ ಯಾವ ಲೇಖಕನಿಗೂ ಬಂದೀತು. ಆದರೆ ಆ ಡಬ್ಬಿಗಳು ನಡುದಾರಿಯಲ್ಲಿ ಒಮ್ಮೆ ಎದುರಾಗಿ, ಮುಖ ನೋಡಿಕೊಂಡು, ತಮ್ಮ ತಮ್ಮ ಪಾಡಿಗೆ ಹೊರಟುಹೋಗುತ್ತವೆ. ಆದ್ದರಿಂದ ಹೋಲಿಕೆ ಬೇಡ.) ಒಂದು ಕಾಲದಲ್ಲಿ ಇಂಥವು ಮೂವತ್ತರ ಹತ್ತಿರ ಇದ್ದವು; ಉಳಿದವುಗಳಲ್ಲಿ ಹೆಚ್ಚಿನವನ್ನು 1998ರಲ್ಲಿ ರಾಷ್ಟ್ರೀಯ ಸ್ಮಾರಕಗಳೆಂದು ಘೋಷಿಸಿದರು. ಸ್ಮಾರಕವಾದದ್ದರ ಸಹಜ ಗುಣದಂತೆ ಅವುಗಳಲ್ಲಿ ಕೆಲವು ಆಗಾಗ ರಿಪೇರಿಗೆ ನಿಂತಿರುತ್ತವೆ. ಪೊಲಾಂಕೊ ಎಂಬುದೊಂದು ಮಾತ್ರ ಹಳಿಯದಲ್ಲ, ನೆಟ್ಟಗೆ ಏರುವ ಲಿಫ್ಟು. ಅದನ್ನು ಹತ್ತಬೇಕಾದರೆ ಮೊದಲು ಸುಮಾರು 150 ಮೀಟರ್ ಉದ್ದದ ಸುರಂಗದಲ್ಲಿ ಗುಡ್ಡದ ಹೊಟ್ಟೆಯೊಳಕ್ಕೆ ನಡೆಯಬೇಕು, ಲಿಫ್ಟಿನಲ್ಲಿ ಗೋಪುರದ ತುದಿಗೆ ಏರಬೇಕು, ಅಲ್ಲಿಂದ ಸೇತುವೆ ದಾಟಿ ಗುಡ್ಡದ ನೆತ್ತಿಗೆ ಸೇರಬೇಕು. ಅಸೆನ್ಸೋರ್ ಕಟ್ಟಿದ್ದೇ ಸಮಯ ಉಳಿಸುವುದಕ್ಕೆ, ಅದು ನಿಮ್ಮ ವಾದಕ್ಕೆ ವಿರುದ್ಧವಲ್ಲವೇ ಎಂದು ವಕೀಲ ಬುದ್ಧಿಯವರು ಕೇಳಬಹುದು. ಕಟ್ಟಿದವರ ಉದ್ದೇಶ ಅದೇ, ಒಪ್ಪಿದೆ. ಆದರೆ ಅದು ನಿಮ್ಮನ್ನು ಕ್ಷಣಮಾತ್ರದಲ್ಲಿ ಎತ್ತಿ ಇಳಿಸುವುದು ಎಲ್ಲಿಗೆ? ಪಾಸಿಯೊ ಗೆರ್ವಾಸೋನಿಗೆ, ಪಾಸಿಯೊ ಯುಗೋಸ್ಲಾವೋಗೆ. ಅಂದರೆ ನೂರಿನ್ನೂರು ಹೆಜ್ಜೆಯಲ್ಲಿ ಮುಗಿದುಹೋಗುವ, ಕಲ್ಲುಬೆಂಚು ಮತ್ತು ಕಟಕಟೆ ಬಿಟ್ಟರೆ ಹೆಚ್ಚೇನೂ ಕೆಲಸವಿಲ್ಲದ ಕಟ್ಟೆಗಳಿಗೆ. ಬೇಗ ಹೋಗಿ ಸುಮ್ಮನೆ ಕೂರುವುದಕ್ಕೆ ಇಷ್ಟು ಯಂತ್ರವಿದ್ಯೆ ಖರ್ಚು ಮಾಡಿದ ಊರು ಬೇರೆ ಇದ್ದರೆ ಹೇಳಿ.

ಜೋಡಿಯ ವಿರಾಮಕ್ಕೆ ಇಲ್ಲಿ ಸಿಗುವ ದೊಡ್ಡ ಸಾಕ್ಷಿ ಪಾಬ್ಲೊ ನೆರೂಡನ ಮನೆ. ಸ್ಯಾಂಟಿಯಾಗೊ ಸಾಕಾಗಿ ಈ ಕವಿ 1959ರಲ್ಲಿ ವಾಲ್ಪರೈಸೊದಲ್ಲೊಂದು ಮನೆ ಹುಡುಕಿಕೊಡಿ ಎಂದು ಸ್ನೇಹಿತರಿಗೆ ಬರೆದ. ಜೊತೆಗೆ ಕೊಟ್ಟ ಷರತ್ತುಗಳನ್ನು ನೋಡಿದರೆ ಬೆಂಗಳೂರಿನ ಯಾವ ಬ್ರೋಕರೂ ಫೋನ್ ಇಟ್ಟುಬಿಡುತ್ತಿದ್ದ. ಮನೆ ತೀರಾ ಮೇಲೂ ಇರಬಾರದು, ತೀರಾ ಕೆಳಗೂ ಇರಬಾರದು. ಏಕಾಂತವಿರಬೇಕು, ವಿಪರೀತ ಏಕಾಂತ ಬೇಡ. ನೆರೆಯವರು ಇದ್ದರೂ ಕಾಣಬಾರದು, ಕೇಳಿಸಲೂಬಾರದು. ಎಲ್ಲದರಿಂದ ದೂರ, ಆದರೆ ಬಸ್ಸಿಗೆ ಅಂಗಡಿಗೆ ಹತ್ತಿರ. ಇಷ್ಟೆಲ್ಲ ಇದ್ದು ತುಂಬ ಅಗ್ಗವಾಗಿರಬೇಕು. ಸಮತಟ್ಟಾದ ಊರಿನಲ್ಲಿ ಇದು ಹುಚ್ಚು ಬೇಡಿಕೆ. ಗುಡ್ಡದಲ್ಲಿ ಎಲ್ಲವೂ ಸಾಧ್ಯ, ಏಕೆಂದರೆ ಅಲ್ಲಿ ನೆರೆಯವನು ಪಕ್ಕದಲ್ಲಿರುವುದಿಲ್ಲ, ನಿಮ್ಮ ಅಂಗಳದ ಕೆಳಗಿರುತ್ತಾನೆ. ನಿಮಗೆ ಕಾಣುವುದು ಅವನ ಛಾವಣಿ, ಅದರಾಚೆ ಸಮುದ್ರ. ಸೆಬಾಸ್ಟಿಯನ್ ಕೊಲಾಡೊ ಎಂಬ ಸ್ಪೇನಿನವನು ಕಟ್ಟಲು ಹೊರಟು, ಮುಗಿಸುವ ಮೊದಲೇ ತೀರಿಕೊಂಡಿದ್ದ ಮನೆಯೊಂದು ಸಿಕ್ಕಿತು. ಒಬ್ಬನಿಗೇ ದೊಡ್ಡದಾಯಿತೆಂದು ನೆರೂಡ ಅದನ್ನು ಶಿಲ್ಪಿ ಮರೀ ಮಾರ್ಟ್ನರ್ ಮತ್ತು ಆಕೆಯ ಗಂಡ, ವೈದ್ಯ ಫ್ರಾನ್ಸಿಸ್ಕೊ ವೆಲಾಸ್ಕೊ ಅವರ ಜೊತೆ ಪಾಲು ಮಾಡಿಕೊಂಡ. ಕೆಳಗಿನ ಅಂತಸ್ತುಗಳು ಆ ದಂಪತಿಗೆ, ಮೇಲಿನವು ನೆರೂಡ ಮತ್ತು ಅವನ ಸಂಗಾತಿ ಮಟಿಲ್ಡೆ ಉರುಟಿಯಾಗೆ. ಲೆಕ್ಕದಲ್ಲಿ ತಾನು ಸೋತೆ, ತನ್ನ ಪಾಲಿಗೆ ಬಂದದ್ದು ಬರೀ ಮೆಟ್ಟಿಲು ತಾರಸಿ ಎಂದು ಕವಿ ತಮಾಷೆ ಮಾಡುತ್ತಿದ್ದನಂತೆ. 1961ರ ಸೆಪ್ಟೆಂಬರ್ 18ರಂದು, ಚಿಲಿಯ ರಾಷ್ಟ್ರೀಯ ದಿನದಂದೇ, ‘ಲಾ ಸೆಬಾಸ್ಟಿಯಾನ’ ಎಂಬ ಆ ಮನೆಯ ಗೃಹಪ್ರವೇಶವಾಯಿತು. ಎರಡು ಸಂಸಾರ ಒಂದೇ ಮನೆ ಎಂದಮೇಲೆ ಕಟ್ಟಳೆಯ ಪ್ರಕಾರ ಆರು ತಿಂಗಳಲ್ಲಿ ನೀರಿನ ಬಿಲ್ಲಿಗೆ ಜಗಳ ಬರಬೇಕು. ಇಲ್ಲಿ ಬಾಂಧವ್ಯ ಉಳಿಯಿತು. ಅದರಲ್ಲಿ ಕಾವ್ಯದ ಪಾಲೆಷ್ಟೋ, ನಡುವೆ ಇದ್ದ ಕಡಿದಾದ ಮೆಟ್ಟಿಲಿನ ಪಾಲೂ ಅಷ್ಟೇ ಎಂದು ನಾನು ತಿಳಿದಿದ್ದೇನೆ. ದೂರು ಹೇಳಲು ಯಾರಾದರೂ ಹತ್ತಿ ಬರಬೇಕಲ್ಲ.

ಈ ವಿರಾಮ ಗುಡ್ಡದ ಗುಣವಲ್ಲ, ಬಡವಾದ ಊರಿನ ಗುಣ ಎನ್ನುವ ವಾದವೊಂದಿದೆ, ಅದನ್ನು ತಳ್ಳಿಹಾಕಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಬರುವ ಹಡಗುಗಳು ಖಂಡದ ತುದಿಯ ಕೇಪ್ ಹಾರ್ನ್ ಸುತ್ತಿ, ನಜ್ಜುಗುಜ್ಜಾಗಿ ಬಂದು ನಿಲ್ಲುತ್ತಿದ್ದದ್ದು ಇಲ್ಲೇ. ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಹೊರಟವರೂ ಇಲ್ಲಿ ಇಳಿದೇ ಹೋದರು. 1827ರಲ್ಲಿ ಶುರುವಾದ ‘ಎಲ್ ಮೆರ್ಕುರಿಯೊ ದೆ ವಾಲ್ಪರೈಸೊ’ ಪತ್ರಿಕೆ ಇವತ್ತಿಗೂ ಬರುತ್ತಿದೆ. ಇಂಗ್ಲಿಷರೂ ಜರ್ಮನರೂ ಗುಡ್ಡಗಳ ಮೇಲೆ ಬಂಗಲೆ, ಚರ್ಚು ಕಟ್ಟಿದರು. 1906ರ ಭೂಕಂಪ ಊರನ್ನು ಕೆಡವಿತು. ಎದ್ದು ನಿಲ್ಲುವಷ್ಟರಲ್ಲಿ, 1914ರಲ್ಲಿ ಪನಾಮಾ ಕಾಲುವೆ ತೆರೆದು ಹಡಗುಗಳು ದಾರಿ ಬದಲಿಸಿದವು. ಕಾಲುವೆ ಲೋಕಕ್ಕೆ ಉಳಿಸಿಕೊಟ್ಟ ಸಮಯವೆಲ್ಲ ವಾಲ್ಪರೈಸೊದ ಖಾತೆಗೆ ಬಂದು ಜಮೆಯಾಯಿತು, ಆದರೆ ಹಣದ ರೂಪದಲ್ಲಿ ಅಲ್ಲ. ಇಷ್ಟಾದರೂ ಊರು ಏಳಿಗೆಯಲ್ಲಿದ್ದ ಕಾಲದಲ್ಲೂ ಇಲ್ಲಿ ನಿಂತು ನೋಡಿದವರು ನಿಂತೇ ನೋಡಿದ್ದಾರೆ. ಮರಿಯಾ ಗ್ರಹಾಂ ಎಂಬ ಇಂಗ್ಲಿಷ್ ಲೇಖಕಿ ನಮ್ಮ ದೇಶದ ಓದುಗರಿಗೂ ಅಪರಿಚಿತಳಲ್ಲ. 1809ರಲ್ಲಿ ಮುಂಬಯಿಗೆ ಬಂದು, ಅಲ್ಲೇ ನೌಕಾಪಡೆಯ ಥಾಮಸ್ ಗ್ರಹಾಂನನ್ನು ಮದುವೆಯಾಗಿ, ಭಾರತದ ವಾಸದ ದಿನಚರಿಯನ್ನು 1812ರಲ್ಲಿ ಪುಸ್ತಕ ಮಾಡಿದವಳು. 1822ರಲ್ಲಿ ಗಂಡ ಹೆಂಡತಿ ಚಿಲಿಗೆ ಹೊರಟಾಗ ಕೇಪ್ ಹಾರ್ನ್ ಬಳಿ ಗಂಡ ತೀರಿಕೊಂಡ. ವಾಲ್ಪರೈಸೊದಲ್ಲಿ ಮಣ್ಣು ಮಾಡಿದ ಮೇಲೆ ಎಲ್ಲರೂ ನಿರೀಕ್ಷಿಸಿದಂತೆ ಮುಂದಿನ ಹಡಗು ಹತ್ತದೆ ಮನೆ ಬಾಡಿಗೆಗೆ ಹಿಡಿದು ತಿಂಗಳುಗಟ್ಟಲೆ ನಿಂತಳು. ಆ ನವೆಂಬರಿನಲ್ಲಿ ದೊಡ್ಡ ಭೂಕಂಪವಾದಾಗ ಆಸುಪಾಸಿನ ತೀರವೇ ಕೆಲವು ಅಡಿ ಮೇಲಕ್ಕೆದ್ದದ್ದನ್ನು ಗಮನಿಸಿ ಬರೆದಳು. ಲಂಡನ್ನಿನ ಭೂವಿಜ್ಞಾನ ಸಂಘದ ಅಧ್ಯಕ್ಷನೇ ಅದನ್ನು ಅಲ್ಲಗಳೆದ. 1835ರ ಇನ್ನೊಂದು ಭೂಕಂಪದಲ್ಲಿ ನೆಲ ಎದ್ದುದನ್ನು ಡಾರ್ವಿನ್ ಕಣ್ಣಾರೆ ಕಂಡ ಮೇಲೆ ಆಕೆಯ ಮಾತಿಗೆ ಬಲ ಬಂತು. ಜೋಡಿಯ ವಾದಕ್ಕೆ ವಿಧವೆಯ ಸಾಕ್ಷಿಯೇ ಎನ್ನಬೇಡಿ. ದಂಡೆ ಎದ್ದಿದೆಯೋ ಇಲ್ಲವೋ ತಿಳಿಯುವುದು ಅದೇ ದಂಡೆಯನ್ನು ಬೇರೆ ಕೆಲಸವಿಲ್ಲದೆ ನೋಡುತ್ತ ಕೂತಿದ್ದವರಿಗೆ ಮಾತ್ರ. ಇಲ್ಲಿ ನನಗೆ ಬೇಕಿರುವುದು ಅಷ್ಟೇ. ಇನ್ನು ಡಾರ್ವಿನ್ ಸಹ 1834ರಲ್ಲಿ ಇದೇ ಊರಿನಲ್ಲಿ ಒಂದು ತಿಂಗಳಷ್ಟು ಹಾಸಿಗೆ ಹಿಡಿದು ಮಲಗಿದ್ದ. ಒಳನಾಡಿನಲ್ಲಿ ಕುಡಿದ ಹುಳಿ ವೈನು ಅದಕ್ಕೆ ಕಾರಣ ಎಂದು ಅವನ ಗುಮಾನಿ, ಹಾಗಾಗಿ ಅದನ್ನು ನನ್ನ ಪರವಾಗಿ ಸೇರಿಸಿಕೊಳ್ಳಲಾರೆ.

ಬಲವಾದ ಆಕ್ಷೇಪ ಇನ್ನೂ ಬಂದಿಲ್ಲ. ಅದು ಊರಿನವರದು. ಕ್ಯಾಮೆರಾ ಹಿಡಿದು ಬಂದವರಿಗೆ ಏರು ವಿರಾಮ. ಗ್ಯಾಸ್ ಸಿಲಿಂಡರ್ ಹೊತ್ತು ಹತ್ತುವವನಿಗೆ, ಸಂತೆಯ ಚೀಲ ಹಿಡಿದ ಅಜ್ಜಿಗೆ ಅದು ಏರೇ. ಪ್ರವಾಸಿಗರು ಓಡಾಡುವ ಅಲೆಗ್ರೆ, ಕಾನ್ಸೆಪ್ಸಿಯೊನ್ ಗುಡ್ಡಗಳು ಅಚ್ಚುಕಟ್ಟಾಗಿವೆ. ಮೇಲಮೇಲಕ್ಕೆ ಹೋದಂತೆ ಮನೆ ಬಡವಾಗುತ್ತದೆ, ದಾರಿ ಕಿರಿದಾಗುತ್ತದೆ. 2014ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದಾಗ ಗಾಳಿ ಅದನ್ನು ಗುಡ್ಡದಿಂದ ಗುಡ್ಡಕ್ಕೆ ಹಾರಿಸಿತು. 2,500ಕ್ಕೂ ಹೆಚ್ಚು ಮನೆ ಸುಟ್ಟವು, 15 ಜನ ಸತ್ತರು. ಆ ಕಮರಿಗಳಿಗೆ ಬೆಂಕಿ ಆರಿಸುವ ಲಾರಿ ಹೋಗುವುದು ಕಷ್ಟ. ಚಿಲಿಯಲ್ಲಿ ಬೆಂಕಿ ಆರಿಸುವವರು ಸಂಬಳವಿಲ್ಲದ ಸ್ವಯಂಸೇವಕರು, ಆ ಪದ್ಧತಿ 1851ರಲ್ಲಿ ಶುರುವಾದದ್ದೂ ಈ ಊರಿನಲ್ಲೇ. ಇದಕ್ಕೆಲ್ಲ ನನ್ನ ಹತ್ತಿರ ಚತುರ ಉತ್ತರವಿಲ್ಲ, ಇರಲೂಬಾರದು. ನನ್ನ ವಾದದ ಅಳತೆಯನ್ನು ಮಾತ್ರ ಕಡಿಮೆ ಮಾಡಿಕೊಳ್ಳುತ್ತೇನೆ: ಏರು ಬದುಕುವುದಕ್ಕೆ ಒಳ್ಳೆಯದೆಂದು ನಾನು ಹೇಳಿಲ್ಲ, ನಾಲ್ಕು ದಿನ ಬಂದು ಇರುವ ಇಬ್ಬರಿಗೆ ಒಳ್ಳೆಯದೆಂದೆ. ಸಿಲಿಂಡರ್ ಹೊತ್ತವನು ಎದುರಾದರೆ ಮೆಟ್ಟಿಲಿನ ಬದಿಗೆ ಸರಿದು ನಿಲ್ಲಬೇಕು. ಫೋಟೋ ತೆಗೆಯಬಾರದು. ಕತ್ತಲಾದ ಮೇಲೆ ಎಲ್ಲ ಮೆಟ್ಟಿಲೂ ಕ್ಷೇಮವಲ್ಲ, ಕೊರಳಿನ ಸರ ಊರಲ್ಲೇ ಇರಲಿ.

ಊಟದ ವಿಷಯದಲ್ಲೂ ಊರು ಜೋಡಿಯ ಪಕ್ಷವೇ. ಇಲ್ಲಿಯ ಹೆಸರುವಾಸಿ ತಿನಿಸು ಚೊರ್ರಿಯಾನ: ಗುಡ್ಡೆ ಹಾಕಿದ ಆಲೂಗಡ್ಡೆ ಫ್ರೈಸ್, ಮೇಲೆ ಬಾಡಿಸಿದ ಈರುಳ್ಳಿ, ದನದ ಮಾಂಸದ ಚೂರು, ಅದರ ಮೇಲೆ ಮೊಟ್ಟೆ. ಒಂದೇ ತಟ್ಟೆ, ಹಲವು ಫೋರ್ಕು. ತಲೆಗೊಂದರಂತೆ ತರಿಸುವವನು ಹೊಸಬ ಎಂದು ಗೊತ್ತಾಗುತ್ತದೆ. ಸಸ್ಯಾಹಾರಿಗಳಿಗೆ ತಳದ ಆಲೂಗಡ್ಡೆಯ ಆಸೆ ಹುಟ್ಟಬಹುದು, ಆದರೆ ಅದು ಮಾಂಸದ ರಸ ಕುಡಿದಿರುತ್ತದೆ; ಅವರು ಚೀಸ್ ತುಂಬಿದ ಎಂಪನಾಡಕ್ಕೆ ಹೋಗುವುದು ಲೇಸು. ಇಳಿಹೊತ್ತಿನಲ್ಲಿ ಚಿಲಿಯವರು ಬ್ರೆಡ್ಡು, ಬೆಣ್ಣೆಹಣ್ಣು, ಚಹಾ ಇಟ್ಟುಕೊಂಡು ಕೂರುತ್ತಾರೆ. ಹಲವು ಮನೆಗಳಲ್ಲಿ ರಾತ್ರಿಯ ಊಟವೂ ಅದರಲ್ಲೇ ಮುಗಿಯುತ್ತದೆ. ನಾಲ್ಕು ಗಂಟೆಯ ಕಾಫಿ ತಿಂಡಿ ಅಭ್ಯಾಸವಾದ ನಮ್ಮವರಿಗೆ ಈ ಪದ್ಧತಿಗೆ ಒಗ್ಗುವುದೇನೂ ಕಷ್ಟವಲ್ಲ. ಬೀದಿನಾಯಿಗಳು ಬೇಕಾದಷ್ಟಿವೆ, ಯಾರ್‍ಯಾರೋ ಅನ್ನ ಹಾಕಿ ಸಾಕಿದವು. ನಿಮ್ಮ ಜೊತೆ ಎರಡು ಗುಡ್ಡ ಬಂದು, ನೀವು ಕೂತಲ್ಲಿ ಮಲಗಿ, ನೀವು ಎದ್ದಾಗ ಏಳದೆ ಉಳಿಯುತ್ತವೆ. ನನ್ನ ವಾದವನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡವು ಅವು.

ಸ್ಯಾಂಟಿಯಾಗೊದಿಂದ ಬೆಳಗಿನ ಬಸ್ಸಿಗೆ ಬಂದು, ಒಂದು ಅಸೆನ್ಸೋರ್, ನೆರೂಡನ ಮನೆ, ನಾಲ್ಕು ಬಣ್ಣದ ಗೋಡೆಗಳ ಮುಂದೆ ಫೋಟೋ ಮುಗಿಸಿ ಸಂಜೆಯ ಬಸ್ಸಿಗೆ ವಾಪಸಾಗುವವರೇ ಹೆಚ್ಚು. ಬಂದ ಪುಟ್ಟ, ಹೋದ ಪುಟ್ಟ. ಅವರು ನೋಡಿದ್ದರಲ್ಲಿ ತಪ್ಪೇನಿಲ್ಲ. ಆದರೆ 42 ಗುಡ್ಡಗಳ ಊರಿನಲ್ಲಿ ಎರಡನ್ನು ಓಡುತ್ತ ನೋಡಿದವನೂ ಐದನ್ನು ಓಡುತ್ತ ನೋಡಿದವನೂ ಒಂದೇ, ಪಟ್ಟಿ ಹೇಗೂ ಮುಗಿಯುವಂಥದ್ದಲ್ಲ. ಮುಗಿಯದ ಪಟ್ಟಿಯ ಲಾಭವೆಂದರೆ ಅದನ್ನು ಆರಂಭದಲ್ಲೇ ಕೈಬಿಡಬಹುದು. ಒಂದು ಗುಡ್ಡದಲ್ಲಿ ರೂಮು ಮಾಡಿ ಅದನ್ನಷ್ಟೇ ಬಳಸಿದರೆ ಸಾಕು. ಇಡೀ ಊರು ಒಂದು ಬಯಲು ರಂಗಮಂದಿರದ ಹಾಗೆ ಕೊಲ್ಲಿಯ ಕಡೆಗೆ ಬಾಗಿರುವುದರಿಂದ ಉಳಿದ ಗುಡ್ಡಗಳು ಕೂತಲ್ಲಿಂದಲೇ ಕಾಣುತ್ತವೆ. ಹಳೆಯ ಜೈಲಿನಿಂದಲೂ ಕಾಣುತ್ತಿತ್ತು. ಗುಡ್ಡದ ಮೇಲಿನ ಆ ಜೈಲನ್ನು ಮುಚ್ಚಿ 2011ರಲ್ಲಿ ಸಾಂಸ್ಕೃತಿಕ ಉದ್ಯಾನ ಮಾಡಿದ್ದಾರೆ, ಈಗ ಸ್ವಇಚ್ಛೆಯಿಂದ ಒಳಹೋಗಬಹುದು. ಹಾಗಾದರೆ ವರ್ಷಕ್ಕೊಮ್ಮೆ ಇದೇ ಮೆಟ್ಟಿಲುಗಳ ಮೇಲೆ ಸೈಕಲ್ಲಿನಲ್ಲಿ ಧುಮುಕಿ ಇಳಿಯುವ ಸ್ಪರ್ಧೆ ನಡೆಯುತ್ತದಲ್ಲ ಎಂದು ಕೇಳಿದರೆ, ನಡೆಯುತ್ತದೆ. ಮೂರು ನಿಮಿಷದೊಳಗೆ ಗುಡ್ಡದ ಮೇಲಿನಿಂದ ಕೆಳಗಿನ ಪ್ಲಾಜಾಕ್ಕೆ. ಊರಿನ ವರ್ಷದ ಅವಸರವನ್ನೆಲ್ಲ ಆ ಹುಡುಗರು ಒಂದೇ ದಿನ ಗುತ್ತಿಗೆ ಹಿಡಿದು ಮುಗಿಸಿಬಿಡುತ್ತಾರೆ. ಉಳಿದವರು ಇಕ್ಕೆಲದಲ್ಲಿ ನಿಂತು ಚಪ್ಪಾಳೆ ತಟ್ಟಿದರಾಯಿತು.

ಇಷ್ಟಾದ ಮೇಲೂ ನಂಬದವರಿಗೆ ಪರೀಕ್ಷೆ ಹತ್ತಿರದಲ್ಲೇ ಇದೆ. ಬಂದರಿನ ಎದುರು ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ವಿನ್ಯಾ ದೆಲ್ ಮಾರ್ ಸಿಗುತ್ತದೆ: ಸಮುದ್ರದ ಬದಿಗೆ ಸಮತಟ್ಟು, ಮರಳಿನ ದಂಡೆ, ಅಗಲ ಫುಟ್‌ಪಾತು, 1962ರ ವಿಶ್ವಕಪ್ ಫುಟ್‌ಬಾಲಿನ ಹೊತ್ತಿಗೆ ಹಾಕಿದ ಹೂವಿನ ಗಡಿಯಾರ, ಅಂದರೆ ಟ್ರಾವೆಲ್ಸ್‌ನವನು ವಿರಾಮ ಎಂದು ಮಾರುವುದೆಲ್ಲ. ವಾಲ್ಪರೈಸೊದಲ್ಲಿ ನಾಲ್ಕು ದಿನ ಇದ್ದ ಜೋಡಿಯೊಂದನ್ನು ಅಲ್ಲಿ ಇಳಿಸಿ ನೋಡಿ. ಕಾಲು ಗಂಟೆ ಕಳೆಯುವುದರಲ್ಲಿ ಆಕೆ ಗಡಿಯಾರದ ಮುಂದೆ ನಿಂತು ಕೈಬೀಸಿ ಕರೆಯುತ್ತಿರುತ್ತಾಳೆ, ಆತ ಹತ್ತು ಹೆಜ್ಜೆ ಆಚೆ ಫೋನ್ ಹಿಡಿದು, ಮುಂದಿನದಕ್ಕೆ ನಡೆದೇ ಹೋಗಬಹುದು, ಬರೀ ಎರಡು ಕಿಲೋಮೀಟರು ಎನ್ನುತ್ತಿರುತ್ತಾನೆ.